ಮುಚ್ಚಿದ ಎಲೆ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುವುದುಂಟು. ಅದಕ್ಕೆ ಕಾರಣವಿಲ್ಲದಿಲ್ಲ. ಜೂಜಿನ ಫಲವೇನೆಂಬುದನ್ನು ಕೌರವಸಭೆಯ ಕಥೆಯಿಂದ ಎಳವೆಯಲ್ಲಿಯೇ ಅರಿತ ಜನ ನಾವು. ಆದರೂ ಇಪ್ಪತ್ತನೆಯ ಶತಮಾನದ ಮಹಾಗಣಿತಜ್ಞರಲ್ಲಿ ಒಬ್ಬನು ಮನುಷ್ಯರ ನಡುವಣ ವ್ಯವಹಾರದ ಮರ್ಮವನ್ನು ಅರಸಹೊರಟಾಗ ಅವನ ಮನಸ್ಸು ನಿಂತದ್ದು ಚದುರಂಗದ ಹಾಸಿನ ಮೇಲಲ್ಲ, ಇಸ್ಪೀಟಿನ ಒಂದು ಆಟದ ಮೇಲೆ. ಆ ಆಟದ ಹೆಸರು ಪೋಕರ್. ಆ ಗಣಿತಜ್ಞ, ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜಾನ್ ವಾನ್ ನ್ಯೂಮನ್.

ಚದುರಂಗದಲ್ಲಿ ಮುಚ್ಚುಮರೆಯಿಲ್ಲ. ಎರಡು ಪಕ್ಷದ ಕಾಯಿಗಳೂ ಎಲ್ಲರ ಕಣ್ಣಿಗೆ ಕಾಣುವಂತೆ ಹಾಸಿನ ಮೇಲೆ ನಿಂತಿರುತ್ತವೆ. ಸಾಕಷ್ಟು ದೂರ ಎಣಿಸಬಲ್ಲವನಿಗೆ ಸರಿಯಾದ ನಡೆಯೆಂಬುದು ಅಲ್ಲಿ ಇದ್ದೇ ಇದೆ. ಆದ್ದರಿಂದ ಅದು ಆಟವೇ ಅಲ್ಲ, ಒಂದು ಬಗೆಯ ಲೆಕ್ಕ ಎಂಬುದು ವಾನ್ ನ್ಯೂಮನ್ನನ ಅಭಿಪ್ರಾಯವಾಗಿತ್ತೆಂದು ಅವನನ್ನು ಬಲ್ಲ ಜೇಕಬ್ ಬ್ರೊನೊವ್‌ಸ್ಕಿ ಬರೆದಿದ್ದಾನೆ. ಬಾಳು ಹಾಗಲ್ಲ. ಇಲ್ಲಿ ಪ್ರತಿಯೊಬ್ಬನ ಕೈಯಲ್ಲಿಯೂ ಒಂದೆರಡು ಮುಚ್ಚಿದ ಎಲೆಗಳಿರುತ್ತವೆ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. 1928ರಲ್ಲಿ ಆಟಗಳನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ ವಾನ್ ನ್ಯೂಮನ್, 1944ರಲ್ಲಿ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್‌ನೊಡನೆ ಬರೆದ ಹೆಬ್ಬೊತ್ತಗೆಯಲ್ಲಿ ಪೋಕರಿನ ವಿಚಾರವನ್ನು ವಿಸ್ತಾರವಾಗಿಯೇ ಎತ್ತಿಕೊಂಡನು.

ಇಷ್ಟು ಗೌರವಕ್ಕೆ ಪಾತ್ರವಾದ ಆಟದ ಹುಟ್ಟು ಮಾತ್ರ ಗೌರವಸ್ಥರ ನಡುವೆ ಆದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಆಸುಪಾಸಿನಲ್ಲಿ ಅದು ತಲೆಯೆತ್ತಿತು. ಮಿಸಿಸಿಪಿ ನದಿಯ ಉಗಿಹಡಗುಗಳನ್ನೇರಿ ಹತ್ತಿಯ ವ್ಯಾಪಾರಿಗಳು, ಅಲೆಮಾರಿಗಳು, ಕೈಚಳಕದ ಮೋಸಗಾರರು ಇವರ ನಡುವೆ ಬೆಳೆಯಿತು. ಮೊದಲು ಇಪ್ಪತ್ತೇ ಎಲೆಗಳಿಂದ ಆಡುತ್ತಿದ್ದ ಆಟಕ್ಕೆ ಮುಂದೆ ಐವತ್ತೆರಡು ಎಲೆಗಳ ಪೂರ್ಣ ಕಟ್ಟು ಬಂದಿತು. ಪಶ್ಚಿಮದ ಗಣಿಯೂರುಗಳಲ್ಲಿ ಪೋಕರಿನ ಮೇಜಿನ ಮೇಲೆ ಎಲೆಯ ಪಕ್ಕದಲ್ಲಿ ಪಿಸ್ತೂಲಿರುವುದೂ ಅಪರೂಪವಾಗಿರಲಿಲ್ಲ. ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಬಂದೂಕುಗಾರನು 1876ರ ಆಗಸ್ಟ್ 2ರಂದು ಡೆಡ್‌ವುಡ್ ಎಂಬಲ್ಲಿ ಪೋಕರ್ ಆಡುತ್ತಿದ್ದಾಗಲೇ ಹಿಂದಿನಿಂದ ಬಂದ ಗುಂಡಿಗೆ ಬಲಿಯಾದನು. ಆಗ ಅವನ ಕೈಯಲ್ಲಿ ಎಕ್ಕದ ಜೋಡಿಯೂ ಎಂಟರ ಜೋಡಿಯೂ ಇದ್ದವೆಂದು ಪ್ರತೀತಿ. ಆ ನಾಲ್ಕು ಎಲೆಗಳಿಗೆ ಆಟಗಾರರು ಇಂದಿಗೂ ಸತ್ತವನ ಕೈ ಎಂದೇ ಹೆಸರಿಟ್ಟು ಕರೆಯುತ್ತಾರೆ.

ಈಗ ಬಹುವಾಗಿ ಬಳಕೆಯಲ್ಲಿರುವ ಟೆಕ್ಸಾಸ್ ಹೋಲ್ಡಮ್ ಎಂಬ ಬಗೆಯನ್ನು ನೋಡೋಣ. ಪ್ರತಿ ಆಟಗಾರನಿಗೂ ಎರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ನಡುವೆ ತೆರೆದಿಡುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಹಂಚಿದ ಕೂಡಲೇ ಒಂದು ಸುತ್ತು, ಪ್ರತಿ ಸಲ ಎಲೆ ತೆರೆದ ಬಳಿಕ ಒಂದೊಂದು ಸುತ್ತು ಪಣ. ಪಣ ಬಂದಾಗ ಆಟಗಾರನು ಅದಕ್ಕೆ ಸಮನಾಗಿ ಹಾಕಬಹುದು, ಏರಿಸಬಹುದು, ಇಲ್ಲವೆ ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಏಳು ಎಲೆಗಳಲ್ಲಿ ಉತ್ತಮವಾದ ಐದನ್ನು ಕೂಡಿಸಿ ತೋರಿಸಿದವನಿಗೆ ನಡುವಣ ಗಂಟು ಸೇರುತ್ತದೆ. ಐವತ್ತೆರಡು ಎಲೆಗಳಿಂದ ಐದನ್ನು ಆರಿಸುವ ಬಗೆಗಳು 25,98,960. ಅವುಗಳಲ್ಲಿ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿ ಬರುವ ಸರ್ವೋತ್ತಮ ಕೈಗಳು ನಾಲ್ಕೇ ನಾಲ್ಕು. ಇಂಥ ಕೈಯನ್ನು ಕಾಯುತ್ತ ಕುಳಿತವನ ಆಯುಷ್ಯ ತೀರೀತೇ ಹೊರತು ಗಂಟು ಬರಲಾರದು. ಆಟದ ಸ್ವಾರಸ್ಯವಿರುವುದು ನಡುತರದ ಕೈಗಳಲ್ಲಿ.

ಅಲ್ಲಿ ಕಲಿಯಬೇಕಾದ ಮೊದಲ ಪಾಠವೆಂದರೆ ಬೆಲೆಯ ಪಾಠ. ನಾಲ್ಕು ತೆರೆದ ಎಲೆಗಳು ಬಿದ್ದಿವೆ. ನಿಮ್ಮ ಕೈಯ ಎರಡನ್ನೂ ಕೂಡಿಸಿದರೆ ಒಂದೇ ಜಾತಿಯವು ನಾಲ್ಕಾಗುತ್ತವೆ. ಐದನೆಯದೊಂದು ಬಂದರೆ ಗೆಲವು ನಿಮ್ಮದು ಎಂದಿಟ್ಟುಕೊಳ್ಳಿ. ನೀವು ಕಂಡಿರುವುದು ಆರು ಎಲೆ, ಕಾಣದವು ನಲವತ್ತಾರು. ಅವುಗಳಲ್ಲಿ ಆ ಜಾತಿಯವು ಒಂಬತ್ತು. ಎಂದರೆ ಸುಮಾರು ಐದರಲ್ಲಿ ಒಂದು ಸಲ ಮಾತ್ರ ಬೇಕಾದ ಎಲೆ ಬರುತ್ತದೆ. ನಡುವೆ 100 ರೂಪಾಯಿಯಿದ್ದು ನೀವು 20 ಹಾಕಬೇಕಾಗಿದ್ದರೆ? ಇಂಥ ಸಂದರ್ಭ ನಲವತ್ತಾರು ಸಲ ಬಂದರೆ ಒಂಬತ್ತು ಸಲ ಗೆದ್ದು 900 ಪಡೆಯುತ್ತೀರಿ, ಮೂವತ್ತೇಳು ಸಲ ಸೋತು 740 ಕಳೆಯುತ್ತೀರಿ; ಒಟ್ಟಿನಲ್ಲಿ 160 ಲಾಭ. ಅದೇ 20ಕ್ಕೆ ಬದಲಾಗಿ 50 ಕೇಳಿದರೆ ನಷ್ಟವೇ ಖಂಡಿತ. ಎಲೆ ಕೆಳಗಿಡುವುದೇ ವಿವೇಕ. ಎಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೊಸಬನು ಕೇಳಿಕೊಳ್ಳುತ್ತಾನೆ. ಈ ಬೆಲೆಗೆ ಒಳ್ಳೆಯದೋ ಎಂದು ಬಲ್ಲವನು ಕೇಳಿಕೊಳ್ಳುತ್ತಾನೆ. ಈ ಲೆಕ್ಕದಲ್ಲಿ ಅಡಗಿರುವ ಒಂದು ಕಹಿಯನ್ನು ಓದುಗರು ಗಮನಿಸಬೇಕು. 20 ಹಾಕಿದ್ದು ಸರಿಯಾದ ನಿರ್ಣಯವೇ. ಆದರೂ ಐದರಲ್ಲಿ ನಾಲ್ಕು ಸಲ ಸರಿಯಾಗಿ ಆಡಿಯೇ ಸೋಲಬೇಕು.

ಎರಡನೆಯ ಪಾಠ, ಲೋಕ ಬಲ್ಲ ಬ್ಲಫ್. ಕೈಯಲ್ಲಿ ಏನೂ ಇಲ್ಲದೆ ಎಲ್ಲವೂ ಇದ್ದಂತೆ ಪಣವೇರಿಸಿ ಎದುರಾಳಿಯನ್ನು ಹಿಂಜರಿಸುವ ಹುಸಿಪಣ ಇದು. ಇದನ್ನು ಮೊಂಡುಧೈರ್ಯವೆಂದೋ ಕಪಟವೆಂದೋ ಜನ ಭಾವಿಸಿದ್ದರು. ವಾನ್ ನ್ಯೂಮನ್ ತೋರಿಸಿದ್ದೇನೆಂದರೆ, ಅದು ಸ್ವಭಾವದ ಮಾತಲ್ಲ, ಆಟದ ಗಣಿತದಲ್ಲಿಯೇ ಇರುವ ಅವಶ್ಯಕತೆ ಎಂಬುದು. ಒಬ್ಬನು ಎಂದೂ ಹುಸಿಪಣ ಹಾಕುವುದಿಲ್ಲವೆಂದು ಗೊತ್ತಾದರೆ ಅವನು ಪಣವೇರಿಸಿದೊಡನೆ ಎಲ್ಲರೂ ಎಲೆ ಕೆಳಗಿಡುತ್ತಾರೆ. ಅವನ ಒಳ್ಳೆಯ ಎಲೆಗೆ ಕಾಸೂ ಹುಟ್ಟದು. ಸದಾ ಹುಸಿಯಾಡುವವನನ್ನು ಎಲ್ಲರೂ ತಡೆದು ಕೇಳುತ್ತಾರೆ. ಆದಕಾರಣ ಎರಡಕ್ಕೂ ನಡುವೆ ಒಂದು ಪ್ರಮಾಣವಿರಬೇಕು. ಕೊನೆಯ ಸುತ್ತಿನಲ್ಲಿ, ನಡುವೆ 100 ಇರುವಾಗ ನೀವು 100 ಪಣ ಹಾಕಿದಿರೆನ್ನಿ. ಎದುರಾಳಿಯು 100 ಹಾಕಿ 200 ಗೆಲ್ಲಲು ನೋಡಬೇಕು. ಮೂರರಲ್ಲಿ ಒಂದು ಸಲ ಗೆದ್ದರೆ ಅವನಿಗೆ ಸರಿಸಮ. ಆದ್ದರಿಂದ ಎರಡು ನಿಜವಾದ ಪಣಕ್ಕೆ ಒಂದು ಹುಸಿಪಣ ಬೆರೆತಿದ್ದರೆ ಅವನು ಏನು ಮಾಡಿದರೂ ನಿಮ್ಮನ್ನು ಮೀರಿಸಲಾರ. ಆ ಒಂದು ಯಾವಾಗ ಬರುವುದೆಂಬುದಕ್ಕೆ ಕ್ರಮವಿರಕೂಡದು, ಅಷ್ಟೆ. ನಿಜಕ್ಕೆ ಬೆಲೆ ಬರಬೇಕಾದರೆ ಅದರ ಪಕ್ಕದಲ್ಲಿ ಅಳತೆಯರಿತ ಹುಸಿಯೊಂದು ಇರಲೇಬೇಕೆಂಬುದು ನೀತಿಶಾಸ್ತ್ರಕ್ಕೆ ಒಪ್ಪದ ಮಾತಾದರೂ ಗಣಿತ ಒಪ್ಪಿರುವ ಮಾತು.

ಇದಕ್ಕೊಂದು ಪ್ರಸಿದ್ಧ ಉದಾಹರಣೆಯುಂಟು. ಲಾಸ್ ವೇಗಾಸ್ ನಗರದ ಹಾರ್ಸ್‌ಷೂ ಎಂಬ ಜೂಜುಮನೆಯಲ್ಲಿ ಬೆನ್ನಿ ಬಿನಿಯನ್ ಎಂಬವನು 1970ರಲ್ಲಿ ಪೋಕರಿನ ವಿಶ್ವಪಂದ್ಯವನ್ನು ಆರಂಭಿಸಿದನು. 2003ರ ಪಂದ್ಯದಲ್ಲಿ 839 ಮಂದಿ ಕುಳಿತರು. ಕೊನೆಗುಳಿದವರು ಇಬ್ಬರು. ಒಬ್ಬ ಸ್ಯಾಮ್ ಫಾರ್ಹಾ, ಪಳಗಿದ ಆಟಗಾರ. ಇನ್ನೊಬ್ಬ ಟೆನೆಸಿ ಪ್ರಾಂತದ ಒಬ್ಬ ಲೆಕ್ಕಪತ್ರಗಾರ. ಅಂತರ್ಜಾಲದ ಒಂದು ಅಗ್ಗದ ಪಂದ್ಯದಿಂದ ಗೆದ್ದು ಬಂದವನು. ಹೆಸರು ಕ್ರಿಸ್ ಮನಿಮೇಕರ್. ಹಣ ಮಾಡುವವನೆಂಬ ಅರ್ಥದ ಆ ಹೆಸರು ಕಲ್ಪಿತವಲ್ಲ, ವಂಶದಿಂದ ಬಂದದ್ದೇ. ಒಂದು ಕೈಯಲ್ಲಿ ಐದು ಎಲೆಗಳೂ ತೆರೆದಾಗ ಅವನಲ್ಲಿ ಒಂದು ಜೋಡಿಯೂ ಇರಲಿಲ್ಲ. ಫಾರ್ಹಾನಲ್ಲಿ ಒಂಬತ್ತರ ಜೋಡಿಯಿತ್ತು. ಮನಿಮೇಕರ್ ತನ್ನಲ್ಲಿದ್ದುದೆಲ್ಲವನ್ನೂ ಮುಂದಕ್ಕೆ ತಳ್ಳಿ ಕಲ್ಲಿನಂತೆ ಕುಳಿತನು. ಫಾರ್ಹಾ ಬಹಳ ಹೊತ್ತು ನೋಡಿ ಗೆಲ್ಲುವ ಎಲೆಗಳನ್ನು ಕೆಳಗಿಟ್ಟನು. ಕೊನೆಗೆ 25 ಲಕ್ಷ ಡಾಲರ್ ಲೆಕ್ಕಪತ್ರಗಾರನ ಪಾಲಾಯಿತು. ದೂರದರ್ಶನದಲ್ಲಿ ಅದನ್ನು ಕಂಡ ಜನ ತಾವೂ ಏಕಾಗಬಾರದೆಂದುಕೊಂಡರು. ಮರುವರ್ಷ 2,576 ಮಂದಿ, 2006ರಲ್ಲಿ 8,773 ಮಂದಿ ಆ ಪಂದ್ಯಕ್ಕೆ ನೆರೆದರು.

ಕಲ್ಲಿನಂತಹ ಮುಖವೇ ಪೋಕರಿನ ಸಾರವೆಂಬ ನಂಬಿಕೆಗೆ ಇಂಥ ಕಥೆಗಳೇ ಆಧಾರ. ಆದರೆ 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನಡೆದದ್ದು ಆ ನಂಬಿಕೆಯನ್ನು ಅಲುಗಿಸಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರಚಿಸಿದ ಲಿಬ್ರೇಟಸ್ ಎಂಬ ಗಣಕಯಂತ್ರದ ಕ್ರಮವಿಧಿಯು ನಾಲ್ವರು ನುರಿತ ಆಟಗಾರರ ಎದುರು ಇಪ್ಪತ್ತು ದಿನಗಳಲ್ಲಿ 1,20,000 ಕೈಗಳನ್ನಾಡಿ ನಾಲ್ವರನ್ನೂ ಸೋಲಿಸಿತು. ಅದಕ್ಕೆ ಮುಖವಿಲ್ಲ, ಎದುರಾಳಿಯ ಮುಖವನ್ನು ನೋಡುವ ಕಣ್ಣೂ ಇಲ್ಲ. ಆದರೂ ಅದು ಎಗ್ಗಿಲ್ಲದೆ ಹುಸಿಪಣ ಹಾಕಿತು. ಹುಸಿಯಿದ್ದದ್ದು ಮುಖದಲ್ಲಲ್ಲ, ಪ್ರಮಾಣದಲ್ಲಿ ಎಂದು ವಾನ್ ನ್ಯೂಮನ್ ಹೇಳಿದ್ದನ್ನು ಯಂತ್ರವು ಮಾಡಿ ತೋರಿಸಿತು.

ಹಾಗಾದರೆ ಮನುಷ್ಯನಲ್ಲಿರುವ ಕೊರತೆ ಯಾವುದು? ಯಂತ್ರಕ್ಕೆ ನಿನ್ನೆಯ ಸೋಲು ನೋಯಿಸುವುದಿಲ್ಲ. ನಿನ್ನೆಯ ಗೆಲವು ತಲೆಗೇರುವುದಿಲ್ಲ. ಮನುಷ್ಯನಿಗೆ ಎರಡೂ ಉಂಟು. ಸರಿಯಾಗಿ ಆಡಿಯೂ ಸೋತವನು ಕನಲಿ, ಹೋದದ್ದನ್ನು ಒಂದೇ ಏಟಿಗೆ ಮರಳಿ ಪಡೆಯಲು ಹೊರಡುವುದನ್ನು ಆಟಗಾರರು ಟಿಲ್ಟ್ ಎನ್ನುತ್ತಾರೆ. ಗುಂಡು ಉರುಳಿಸಿ ಆಡುವ ಪಿನ್‌ಬಾಲ್ ಪೆಟ್ಟಿಗೆಯನ್ನು ಸಿಟ್ಟಿನಿಂದ ಅಲುಗಿಸಿದರೆ ಈ ಮಾತು ಬೆಳಗಿ ಆಟ ನಿಂತುಹೋಗುತ್ತಿತ್ತು. ಅಲ್ಲಿಂದ ಬಂದ ಪದವಿದು. ಮನುಷ್ಯನ ಆಟ ಮಾತ್ರ ತಾನಾಗಿ ನಿಲ್ಲುವುದಿಲ್ಲ.

ಸೋಲಿಗಿಂತ ಗೆಲವು ಹೆಚ್ಚು ವಂಚಿಸುತ್ತದೆ. ಟೆಕ್ಸಾಸಿನ ಡಾಯ್ಲ್ ಬ್ರನ್ಸನ್ 1976ರಲ್ಲಿಯೂ 1977ರಲ್ಲಿಯೂ ವಿಶ್ವಪಂದ್ಯ ಗೆದ್ದನು. ಆಟದ ತಂತ್ರವನ್ನು ಕುರಿತು ಅವನು ಬರೆದ ಗ್ರಂಥ ಮುಂದಿನ ಪೀಳಿಗೆಗೆ ಪಾಠಪುಸ್ತಕವಾಯಿತು. ಸೋಜಿಗವೆಂದರೆ, ಎರಡು ವರ್ಷವೂ ಕೊನೆಯ ಕೈಯಲ್ಲಿ ಅವನಿಗೆ ಬಂದದ್ದು ಹತ್ತು ಮತ್ತು ಎರಡು. ಆರಂಭಿಕನಿಗೆ ಯಾವ ಗುರುವೂ ಆಡೆಂದು ಹೇಳದ ಎಲೆಗಳು. ಎರಡು ಸಲವೂ ಮೂರು ಹತ್ತು, ಎರಡು ಎರಡು ಕೂಡಿ ಬಂದು ಗೆದ್ದನು. ಅವನು ನಿಪುಣನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ ನೈಪುಣ್ಯವನ್ನು ಅರಿಯಬಯಸುವವನು ಆ ಎರಡು ಕೈಗಳನ್ನಲ್ಲ, ಅವುಗಳ ಹಿಂದಿನ ಸಾವಿರಾರು ಕೈಗಳನ್ನು ನೋಡಬೇಕು. ಒಂದು ಕೈಯಿಂದ ಯಾರ ಯೋಗ್ಯತೆಯೂ ತಿಳಿಯದು. ಪೋಕರ್ ಕಲಿಸುವ ವಿದ್ಯೆಗಳಲ್ಲಿ ಬೆಲೆಯುಳ್ಳದ್ದು ಇದೊಂದೇ ಎಂದು ನನಗೆ ತೋರುತ್ತದೆ: ನಿರ್ಣಯವನ್ನು ಫಲದಿಂದ ಬೇರ್ಪಡಿಸಿ ತೂಗುವುದು. ಒಂದು ಪರೀಕ್ಷೆಯ ಫಲದಿಂದ ಹುಡುಗನ ಬುದ್ಧಿಯನ್ನೂ, ಒಂದು ಮಳೆಗಾಲದ ಬೆಳೆಯಿಂದ ರೈತನ ಜಾಣ್ಮೆಯನ್ನೂ ಅಳೆದುಬಿಡುವ ನಾವು ಈ ಪಾಠವನ್ನು ಇಸ್ಪೀಟು ಮುಟ್ಟದೆಯೂ ಕಲಿಯಬಹುದು.

ಮುಟ್ಟುವವರು ಇನ್ನೊಂದು ಲೆಕ್ಕವನ್ನು ಮರೆಯಲಾಗದು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಗೆದ್ದದ್ದು ಇನ್ನೊಬ್ಬನು ಸೋತದ್ದೇ. ಅದರ ಮೇಲೆ ಜೂಜುಮನೆಯವನು ಗಂಟಿನಿಂದ ತನ್ನ ಪಾಲನ್ನು ಎತ್ತಿಕೊಳ್ಳುತ್ತಾನೆ. ಆದ್ದರಿಂದ ಎಲ್ಲರನ್ನೂ ಕೂಡಿಸಿ ನೋಡಿದರೆ ಆಡುವವರು ಸೋಲಲೇಬೇಕು. ಕುಶಲತೆಯ ಆಟಕ್ಕೂ ಅದೃಷ್ಟದ ಆಟಕ್ಕೂ ನಡುವೆ ಗೆರೆಯೆಳೆಯಲು ನಮ್ಮ ನ್ಯಾಯಾಲಯಗಳು ಬಹುಕಾಲ ಶ್ರಮಿಸಿವೆ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯನ್ನು ಕುಶಲತೆ ಪ್ರಧಾನವಾದ ಆಟವೆಂದಿತು. ಅಂತರ್ಜಾಲದ ಪಣದಾಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವಾದರೋ, ಕುಶಲತೆಯೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಅಂತರ್ಜಾಲದಲ್ಲಿ ಹಣವೊಡ್ಡುವ ಆಟಗಳನ್ನೆಲ್ಲ ನಿಷೇಧಿಸುವಂತೆ ವಿಧಿಸಿತು. ಆಟವು ಕುಶಲತೆಯದೆಂಬುದು ನಿಜವಿರಬಹುದು. ಆದರೆ ಆ ಕುಶಲತೆ ತನ್ನಲ್ಲಿದೆಯೆಂದು ನಂಬುವ ತರುಣರಲ್ಲಿ ಅದು ಎಷ್ಟು ಮಂದಿಗೆ ಉಂಟು? ಪೋಕರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ತೆರುವ ಹುಸಿಪಣ, ಮನುಷ್ಯ ತನಗೆ ತಾನೇ ಹಾಕಿಕೊಳ್ಳುವುದು.

ಧರ್ಮರಾಯನ ಕಥೆಯನ್ನು ಈ ಬೆಳಕಿನಲ್ಲಿ ಮತ್ತೆ ನೆನೆಯಬಹುದು. ಸೋತದ್ದೆಲ್ಲವೂ ಧೃತರಾಷ್ಟ್ರನ ಮಾತಿನಿಂದ ಅವನಿಗೆ ಮರಳಿ ಬಂದಿತ್ತು. ಮತ್ತೆ ಕರೆ ಬಂದಾಗ ಅವನು ಮತ್ತೆ ಹೋಗಿ ಕುಳಿತನು. ಕಾಡಿನಲ್ಲಿ ಬೃಹದಶ್ವ ಮುನಿಯು ನಳನ ಕಥೆಯನ್ನು ಹೇಳಿ ಅವನಿಗೆ ಅಕ್ಷಹೃದಯವನ್ನು, ಎಂದರೆ ದಾಳಗಳ ಮರ್ಮವನ್ನು, ಉಪದೇಶಿಸಿದನು. ನಳನು ಆ ವಿದ್ಯೆಯಿಂದಲೇ ಕಳೆದ ರಾಜ್ಯವನ್ನು ಗೆದ್ದುಕೊಂಡಿದ್ದನು. ಧರ್ಮರಾಯ ಹಾಗೆ ಮಾಡಲಿಲ್ಲ. ಮುಂದೆ ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಿಂದ ಅವನು ದಾಳ ಹಿಡಿದದ್ದುಂಟು. ಅದು ಅರಸನ ವಿನೋದಕ್ಕೆ. ಮರ್ಮವೆಲ್ಲ ತಿಳಿದ ಮೇಲೂ ತನ್ನ ರಾಜ್ಯವನ್ನು ಮರಳಿ ಪಡೆಯಲು ದುರ್ಯೋಧನನೊಡನೆ ಇನ್ನೊಮ್ಮೆ ಆಡೋಣವೆಂದು ಅವನು ಎಂದೂ ಹೇಳಲಿಲ್ಲ.