ಕುವೈತ್ ಟವರ್ಸ್ ಬಗ್ಗೆ ವಿಕಿಪೀಡಿಯದಲ್ಲಿ ಬರೆಯೋಣ್ವಾ? ಮೊದಲು ಹಕ್ಕಿನ ಲೆಕ್ಕ

ನೀವು ಕುವೈತ್‌ನಲ್ಲಿದ್ದೀರಿ, ಅಲ್ಲಿನ ಕುವೈತ್ ಟವರ್ಸ್ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಬರೆಯಬೇಕು ಅಂದ್ಕೊಂಡಿದ್ದೀರಿ ಅನ್ನಿ. ಪತ್ರಿಕೆಯ ಎರಡು ಪ್ಯಾರಾ ಹಾಗೇ ಅಂಟಿಸಿದರೆ? ಅಳಿಸಿಹಾಕ್ತಾರೆ. ಪತ್ರಿಕೆಯ ಹೆಸರು ಹಾಕಿದರೂ ಉಳಿಯಲ್ಲ. ಹೆಸರು ಹೇಳೋದು ಬೇರೆ, ಅನುಮತಿ ಬೇರೆ.

ಆದರೆ ಮುಖ್ಯ ಗೋಪುರದ ಎತ್ತರ 187 ಮೀಟರ್, ಉದ್ಘಾಟನೆ 1979ರಲ್ಲಿ – ಇಂಥ ಮಾಹಿತಿಗೆ ಯಾರೂ ಒಡೆಯರಲ್ಲ. ಹಕ್ಕು ಇರುವುದು ಅದನ್ನು ಹೇಳಿದ ಮಾತುಗಳ ಮೇಲೆ. ಓದಿ, ಮುಚ್ಚಿಟ್ಟು, ನಿಮ್ಮದೇ ವಾಕ್ಯಗಳಲ್ಲಿ ಬರೆಯಿರಿ, ಮೂಲ ಉಲ್ಲೇಖಿಸಿ. ಇಂಗ್ಲಿಷ್ ವಿಕಿಪೀಡಿಯದಿಂದ ಅನುವಾದಿಸಬಹುದು. ಆ ಪುಟದ ಕೊಂಡಿ ಕೊಡಬೇಕು.

ಇನ್ನು ಫೋಟೊ. ಕ್ಲಿಕ್ ನಿಮ್ಮದು, ವಿನ್ಯಾಸ ಡೆನ್ಮಾರ್ಕಿನ ವಾಸ್ತುಶಿಲ್ಪಿ ಮಲೇನ್ ಬ್ಯೋರ್ನ್ ಅವರದು. ಭಾರತದ 1957ರ ಕಾಯ್ದೆ ಕಟ್ಟಡದ ಚಿತ್ರಗಳಿಗೆ ವಿನಾಯಿತಿ ಕೊಡುತ್ತೆ. ಆದರೆ ಕುವೈತ್‌ಗೆ ತನ್ನದೇ 2019ರ ಕಾನೂನಿದೆ. ಫೋಟೊ ಏರಿಸುವ ಮುನ್ನ ವಿಕಿಮೀಡಿಯ ಕಾಮನ್ಸ್‌ನಲ್ಲಿ ಆ ದೇಶದ ನಿಯಮ ನೋಡಿ.

ಹಕ್ಕುದಾರರೇ ಬಾಗಿಲು ತೆರೆಯುವುದೂ ಉಂಟು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅಲ್ಲಿಂದ ಮೂಲ ಹೇಳಿ ಧಾರಾಳವಾಗಿ ಬಳಸಿ. ಹೀಗೆ ಬರೆದದ್ದು ನಾಳೆ ಅಳಿಸಿಹೋಗುವ ಭಯವಿಲ್ಲ.