ಬಣ್ಣದಿಂದ ಹೆಂಡಿಗೆ: ಶೀಲಾ ಗೌಡ ಚಿತ್ರದ ಚೌಕಟ್ಟು ದಾಟಿದ್ದು ಹೇಗೆ?

ಇವತ್ತಿನ ಮಾತು ಶಿರಹಟ್ಟಿಯ ನಮ್ಮ ಮನೆ ಹೊಸ್ತಿಲಿನಿಂದ ಶುರು. ದೀಪಾವಳಿ ಪಾಡ್ಯದ ದಿನ ಅವ್ವ ನಸುಕಿನ್ಯಾಗ ಎದ್ದು ಹೆಂಡಿಯಿಂದ ಪಾಂಡವರನ್ನ ಮಾಡ್ತಾಳೆ. ಹೆಂಡಿ ಅಂದ್ರೆ ಸಗಣಿ, ಬೆಂಗಳೂರು ಕಡೆಯವರಿಗೆ ಹೇಳ್ತಿದೀನಿ. ಮುಷ್ಟಿಯಷ್ಟು ಉಂಡೆ, ತುದಿ ಚೂಪು, ಮೇಲೊಂದು ಚೆಂಡು ಹೂ. ಪಕ್ಕದಲ್ಲೇ ಕೂತು ಡ್ರಾಯಿಂಗ್ ಹಾಳೆ ತುಂಬಿಸುತ್ತಿದ್ದ ನನಗೆ ಅದು ಕಲೆ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. ಕಲೆ ಅಂದ್ರೆ ಬ್ರಶ್, ಬಣ್ಣ, ಫ್ರೇಮು. ಅಷ್ಟೇ.

ಆಮೇಲೆ ಫೋನಿನಲ್ಲಿ ಶೀಲಾ ಗೌಡ ಅವರ ಕೆಲಸ ನೋಡಿದೆ.

ಶೀಲಾ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. (ಕೆನ್ ಕಟ್ಟಿದ ಆರ್.ಎಂ. ಹಡಪದ ನಮ್ಮ ಕಡೆಯವರು, ಬಾದಾಮಿಯವರು. ಹೇಳದೆ ಬಿಡೋಕಾಗಲ್ಲ.) ಕಲಿತದ್ದೆಲ್ಲ ಪೇಂಟಿಂಗೇ. ವರ್ಷಗಟ್ಟಲೆ ಕ್ಯಾನ್ವಾಸಿನ ಮೇಲೆ ತೈಲವರ್ಣ ಹಚ್ಚಿದವರು.

1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಬಿತ್ತು, ಮುಂಬೈ ಹೊತ್ತಿ ಉರಿಯಿತು. ಅಷ್ಟೊಂದು ಹಿಂಸೆಯ ಎದುರು ಬರೀ ಚಿತ್ರ ಬರೆಯೋದು ಅವರಿಗೆ ಸಾಲದು ಅನ್ನಿಸಿತು. ಆ ಹೊತ್ತಿಗೆ ಕೈಗೆತ್ತಿಕೊಂಡಿದ್ದು ಸಗಣಿ.

ಯಾಕೆ ಸಗಣಿ? ಇಲ್ಲಿ ಸ್ವಲ್ಪ ನಿಲ್ಲೋಣ. ಆಕಳು ಅಂದ ಕೂಡಲೇ ನಮ್ಮಲ್ಲಿ ಪೂಜೆಯೂ ಬರುತ್ತೆ, ರಾಜಕೀಯವೂ ಬರುತ್ತೆ. ಆದರೆ ಸಗಣಿ ಬಾಚೋದು, ನೆಲ ಸಾರಿಸೋದು, ಕುಳ್ಳು ತಟ್ಟೋದು ಹೆಂಗಸರ ಪಾಲಿನ ಕೆಲಸ. ಅದರ ಬಗ್ಗೆ ಯಾರೂ ಭಾಷಣ ಮಾಡಲ್ಲ. ಪವಿತ್ರ, ಹೊಲಸು, ಉರುವಲು, ದುಡಿಮೆ, ಇಷ್ಟೂ ಒಂದೇ ಮುದ್ದೆಯಲ್ಲಿವೆ. ಬಣ್ಣದ ಟ್ಯೂಬಿನಲ್ಲಿ ಇದು ಸಿಗೋದಿಲ್ಲ. ಸಗಣಿಯ ಚಿತ್ರ ಬರೆದರೆ ಅದು ಸಗಣಿಯ ಬಗ್ಗೆ ಆಗುತ್ತೆ. ಸಗಣಿಯನ್ನೇ ಇಟ್ಟರೆ ಅದರ ತೂಕ, ವಾಸನೆ, ಅದನ್ನು ತಟ್ಟಿದ ಕೈ, ಎಲ್ಲವೂ ಕೋಣೆಯೊಳಗೆ ಬರುತ್ತೆ.

ಮೊದಲು ಸಗಣಿ ಚಿತ್ರದ ಮೈ ಮೇಲೇ ಬಂತು. ಆಮೇಲೆ ಗೋಡೆ ಬಿಟ್ಟು ನೆಲಕ್ಕಿಳಿದು ಇಟ್ಟಿಗೆಯಾಯಿತು.

1998ರ ಒಂದು ಕೆಲಸದ ಹೆಸರು 'ಅವನಿಗೆ ನನ್ನ ನೋವು ಹೇಳು' ಎಂಬ ಅರ್ಥದ್ದು. ಹೊಲಿಗೆ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಸೇರಿಸಿ, ಅಂಟು ಮತ್ತು ಕುಂಕುಮ ಸವರಿ ಕೆಂಪು ಹಗ್ಗ ಮಾಡಿದ್ದಾರೆ. ಅದು ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತಿಕೊಳ್ಳುತ್ತೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ಬಿಳಿ ಗೋಡೆ ಮೇಲೆ ಎಳೆದ ಗೆರೆಯ ಹಾಗೆ ಕಾಣುತ್ತೆ. ಹತ್ತಿರ ಹೋದರೆ ಕರುಳಿನ ಹಾಗೆ. ನನ್ನ ಕೇಳಿದ್ರೆ, ಚಿತ್ರಕಲಾವಿದೆ ಇನ್ನೂ ಅಲ್ಲೇ ಇದ್ದಾಳೆ, ಗೆರೆ ಮಾತ್ರ ಹಾಳೆಯಿಂದ ಎದ್ದು ಬಂದಿದೆ.

2009ರ ವೆನಿಸ್ ಬಿಯೆನಾಲೆಯಲ್ಲಿ ಇಟ್ಟಿದ್ದು ಇನ್ನೂ ದೊಡ್ಡದು: ಸುಮಾರು 4 ಕಿಲೋಮೀಟರ್ ಕೂದಲ ಹಗ್ಗ, ಅದರಲ್ಲಿ ನೇತಾಡುವ ಕಾರಿನ ಬಂಪರ್‌ಗಳು. ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುವ ಕೂದಲ ಹಗ್ಗ ನೋಡಿರ್ತೀರಲ್ಲ, ಅದೇ. ದೇವರಿಗೆ ಮುಡಿ ಕೊಟ್ಟವರ ಕೂದಲು ಉಕ್ಕನ್ನು ಹೊತ್ತು ನಿಂತಿದೆ. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಸೂಜಿ ಗೊಂಚಲಿನ ಫೋಟೋ ಅವ್ವಗೆ ತೋರಿಸಿದೆ. ಫೋನು ಕಣ್ಣ ಹತ್ತಿರ ಹಿಡಿದು, ಬೆರಳಿಂದ ಜೂಮ್ ಮಾಡಿ, ಬಹಳ ಹೊತ್ತು ನೋಡಿದಳು. "ಇಷ್ಟೊಂದು ಸೂಜಿ ಪೋಣಸೂದಂದ್ರ ಆಕಿ ಕಣ್ಣ ಏನಾಗಿರಬೇಕೋ ತಮ್ಮಾ?" ಅಂದಳು. ಇದು ಕಲೆ ಹೌದೋ ಅಲ್ಲವೋ ಅಂತ ಅವಳು ಕೇಳಲೇ ಇಲ್ಲ.