ಯಂತ್ರ ಇದ್ದ ಊರಿಗಷ್ಟೇ ನೀತಿ

ಗಾಳಿಯ ದೂಳನ್ನು ಅಳೆಯುವ ಬೀಟಾ ಯಂತ್ರ ನೋಡಲು ಏನೂ ಅಲ್ಲ: ಸೂರಿನ ಮೇಲೆ ಎದ್ದು ನಿಂತ ಕೊಳವೆ, ಕೆಳಗೊಂದು ಪೆಟ್ಟಿಗೆ. ಕೊಳವೆ ಗಂಟೆಗೆ ಒಂದು ಘನಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ದಪ್ಪ ಕಣಗಳು ದಾರಿಯಲ್ಲೇ ಉಳಿದು, 2.5 ಮೈಕ್ರೋಮೀಟರಿಗಿಂತ ಸಣ್ಣವು ಫಿಲ್ಟರ್ ಪಟ್ಟಿಯ ಮೇಲೆ ಕೂರುತ್ತವೆ. ಗಂಟೆ ಮುಗಿಯುವಷ್ಟರಲ್ಲಿ ಅಲ್ಲೊಂದು ಬೂದು ಬೊಟ್ಟು. ಕಾರ್ಬನ್-14 ಸೂಸುವ ಬೀಟಾ ಕಿರಣವನ್ನು ಆ ಬೊಟ್ಟಿನ ಮೂಲಕ ಹಾಯಿಸಿದರೆ, ಅದು ಎಷ್ಟು ಕುಂದಿತೋ ಅದರ ಮೇಲೆ ದೂಳಿನ ತೂಕ ಸಿಗುತ್ತದೆ.

ಇಂಥ ಅಳತೆಯೇ ಕಾನೂನಾಗುತ್ತದೆ. ಅಮೆರಿಕದ ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು, ಸಣ್ಣ ಕಣ ಹೆಚ್ಚಿದ್ದಲ್ಲಿ ಸಾವೂ ಹೆಚ್ಚು ಎಂದು 1993ರಲ್ಲಿ ತೋರಿಸಿತು. 1997ರಲ್ಲಿ ಅಲ್ಲಿ ಈ ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ಮಿತಿ ಬಂತು. ಭಾರತ 2009ರಲ್ಲಿ ವಾರ್ಷಿಕ ಮಿತಿಯನ್ನು ಘನಮೀಟರಿಗೆ 40 ಮೈಕ್ರೋಗ್ರಾಂ ಎಂದು ಇಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಐದೇ ಐದು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಮಾಲಿನ್ಯದ ಮಿತಿ ಮೀರಿದ ಊರುಗಳೆಂದು ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಿತಿ ಮೀರಿದೆ ಎಂದು ಹೇಳಲು ಮೊದಲು ಅಳೆದಿರಬೇಕಲ್ಲ! ಅಳತೆಯೇ ನಡೆಯದ ಊರು ಆ ಪಟ್ಟಿಗೆ ಬರುವ ದಾರಿಯೇ ಇಲ್ಲ. ಹಾಗೆಂದು ಅಲ್ಲಿನ ಗಾಳಿ ಚೊಕ್ಕಟ ಎಂದೇನೂ ಅಲ್ಲ.

ಬೆಳಗಾವಿ ಜಿಲ್ಲೆಯ ಮುರಗೋಡದಂಥ ಬಯಲು ಸೀಮೆಯ ಊರಲ್ಲಿ ಯಾವ ಮಾಲಿನ್ಯ ಎಂದು ಕೇಳುವವರಿದ್ದಾರೆ. ಬೈಲಹೊಂಗಲ, ಸವದತ್ತಿ, ಕಿತ್ತೂರು ಸುತ್ತ ಚಳಿಗಾಲವೆಂದರೆ ಕಬ್ಬಿನ ಹಂಗಾಮು: ಕಾರ್ಖಾನೆಯ ಬಾಯ್ಲರಿಗೆ ಸಿಪ್ಪೆ, ಹೊಲದಲ್ಲಿ ಕಬ್ಬಿನ ಒಣಗರಿ ರವದಿಗೆ ಬೆಂಕಿ, ಮನೆಯಲ್ಲಿ ಕಟ್ಟಿಗೆ ಒಲೆ. ಆಗ ರಾತ್ರಿಯ ತಣ್ಣನೆ ಗಾಳಿ ಹೊಗೆಯನ್ನು ಮೇಲೇರಗೊಡದೆ ನೆಲದ ಹತ್ತಿರವೇ ಹಿಡಿದಿಡುತ್ತದೆ. ಬಯಲಿದ್ದರೂ ಹೊಗೆ ಚದುರಬೇಕೆಂದಿಲ್ಲ.

ಉಪಗ್ರಹ ನೋಡುವುದಿಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯದು. ಅದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಮಬ್ಬನ್ನು ನೋಡುತ್ತದೆ. ಮೂಗಿನ ಎತ್ತರದ ಲೆಕ್ಕಕ್ಕೆ ನೆಲದ ಯಂತ್ರದ ತಾಳೆ ಬೇಕೇಬೇಕು. ಅಗ್ಗದ ಸೆನ್ಸರ್ ಸಾಲದೇ ಎಂದರೆ, ಅದು ಕಣಕ್ಕೆ ತಾಗಿ ಚದುರುವ ಬೆಳಕನ್ನು ಅಳೆಯುತ್ತದೆ, ಮುಂಜಾನೆಯ ತೇವಕ್ಕೆ ಉಬ್ಬಿದ ಕಣವನ್ನು ಹೆಚ್ಚು ದೂಳೆಂದು ಓದುತ್ತದೆ. ಆದರೂ ನನಗೆ ಅದರ ಮೇಲೆ ತಾತ್ಸಾರವಿಲ್ಲ. ಒಂದು ಬೀಟಾ ಯಂತ್ರದ ಪಕ್ಕದಲ್ಲಿಟ್ಟು ತಿದ್ದಿಕೊಂಡ ಹತ್ತಾರು ಸೆನ್ಸರುಗಳು ತಾಲ್ಲೂಕಿಗೆ ಸಾಕಷ್ಟು ಹೇಳಬಲ್ಲವು.

ಅಳೆಯುವ ಹಣವನ್ನು ಕೆಲಸಕ್ಕೇ ಹಾಕಿ ಎನ್ನುವವರು ಆ ರಾಷ್ಟ್ರೀಯ ಕಾರ್ಯಕ್ರಮದ ನಗರಗಳ ಅನುಭವ ನೋಡಲಿ. ಅಲ್ಲಿ ಸಾಧನೆಯನ್ನು ಅಳೆದದ್ದು ಮುಖ್ಯವಾಗಿ ದಪ್ಪ ದೂಳನ್ನೂ ಸೇರಿಸಿಕೊಂಡ ಪಿಎಂ 10ರಿಂದ. ಹಣವೂ ಹೆಚ್ಚಾಗಿ ರಸ್ತೆ ಗುಡಿಸುವುದಕ್ಕೆ, ನೀರು ಹೊಡೆಯುವುದಕ್ಕೆ ಹೋಯಿತು. ಇಲ್ಲಿ ರಸ್ತೆ ಗುಡಿಸಿ ರವದಿಯ ಹೊಗೆ ಕಡಿಮೆಯಾದೀತೇ? ಕಾರ್ಖಾನೆ, ಹೊಲ, ಒಲೆ ಈ ಮೂರರ ಹೊಗೆಯೂ ಒಣ ಸಸ್ಯದ್ದೇ, ಬರೀ ರಸಾಯನ ಪರೀಕ್ಷೆಯಿಂದ ಅವನ್ನು ಬೇರೆ ಮಾಡುವುದು ಕಷ್ಟ. ಗಂಟೆವಾರು ಅಂಕಿ ಇದ್ದರೆ ದಾರಿಯಿದೆ. ಒಲೆಯ ಹೊಗೆ ಬೆಳಿಗ್ಗೆ, ಸಂಜೆ ಏರಿಳಿಯುತ್ತದೆ. ಕಾರ್ಖಾನೆಯದು ಹಂಗಾಮಿನುದ್ದಕ್ಕೂ ಹಗಲಿರುಳು ಇದ್ದು, ಗಾಳಿ ತಿರುಗಿದ ಕಡೆ ಸರಿಯುತ್ತದೆ. ರವದಿಯದು ದಿಢೀರನೆ ಎದ್ದು ಕೆಲ ಗಂಟೆಗಳಲ್ಲಿ ಇಳಿಯುತ್ತದೆ. ಸಿಲಿಂಡರಿಗೆ ಸಹಾಯಧನ ಹೆಚ್ಚಿಸುವುದೋ, ಚಿಮಣಿ ತಪಾಸಣೆ ಬಿಗಿ ಮಾಡುವುದೋ, ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಕೊಡುವುದೋ ಎಂಬುದನ್ನು ಆ ಏರಿಳಿತ ನೋಡಿ ತೀರ್ಮಾನಿಸಬಹುದು.